ಜರ್ಮನಿಯ ಹಳ್ಳಿ ದೇವಾಲಯಕ್ಕೆ (ಚರ್ಚಿಗೆ) ಭಾನುವಾರದ ಆರಾಧನೆಗೆ ಹೋಗಬಹುದಾ? (ಅಜ್ಜನ ಕಾಲದ ಬಾಸೆಲ್ ಮಿಷನರಿಯ ಊರು)

ಉಡುಪಿ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ರಿಟೈರ್ ಆದ ಶಾಲಾ ಟೀಚರ್. ವಯಸ್ಸು 62. ಊರು ಉಡುಪಿ ಕಡೆ, ಈಗ ಇರುವುದು ಬೆಂಗಳೂರಿನಲ್ಲಿ. ಮಗ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. ಸೆಪ್ಟೆಂಬರ್ ಕೊನೆಗೆ ಹೊರಟು ಮೂರು ವಾರ ಅವನ ಜೊತೆ ಇರುತ್ತೇನೆ.

ವಿಷಯ ಏನೆಂದರೆ, ನಮ್ಮದು ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆ) ಕಾಲದ ಕುಟುಂಬ. ನಮ್ಮ ಹಿರಿಯರು ಮೂರ್ತೆ ಕೆಲಸದವರು. ಕ್ರೈಸ್ತರಾದ ಮೇಲೆ ಕಳ್ಳು ಇಳಿಸುವಂತಿಲ್ಲ. ಅತ್ತ ಮನೆಯವರೂ ಹೊರಗೆ ಹಾಕಿದರು. ಹಾಗಾಗಿ ಮಿಷನ್ನಿನವರ ಹಂಚಿನ ಕಾರ್ಖಾನೆಯೇ ಗತಿ. ಅಜ್ಜ ಹುಟ್ಟಿದ್ದು 1896ರಲ್ಲಿ, ದುಡಿದದ್ದು ಮಲ್ಪೆಯ ಹಂಚಿನ ಕಾರ್ಖಾನೆಯಲ್ಲಿ. ಅವರ ದೃಢೀಕರಣದ (ಬೆಳೆದ ಮೇಲೆ ಸಭೆಯ ಪೂರ್ಣ ಸದಸ್ಯರಾಗುವ ವಿಧಿ) ಪತ್ರ ನನ್ನ ಹತ್ತಿರ ಇದೆ. 1911ರದ್ದು. ಕನ್ನಡದಲ್ಲಿದೆ, ಕೆಳಗೆ ಮಿಷನರಿಯ ಸಹಿ. ಅಜ್ಜ ಅವರನ್ನು "ದೊರೆ" ಎಂದೇ ಕರೆಯುತ್ತಿದ್ದರಂತೆ. 1914ರಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರಕಾರದವರು ಬಂದು, ಜರ್ಮನಿಯವರೆಂದು ದೊರೆಯನ್ನು ಕರೆದುಕೊಂಡು ಹೋದರು. ಕಂಪೌಂಡಿನ ಮಕ್ಕಳೆಲ್ಲ ಗಾಡಿಯ ಹಿಂದೆ ಓಡಿದರು. ಈ ಕತೆಯನ್ನು ಅಪ್ಪ ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಗಾಡಿಯ ಎತ್ತಿನ ಬಣ್ಣ ಬದಲಾಗುತ್ತಿತ್ತು, ಅದು ಬೇರೆ ಮಾತು.

ಮಗ ಸುಮ್ನೆ ಕುತೂಹಲಕ್ಕೆ ಬಾಸೆಲ್ ಆರ್ಕೈವ್ಸ್‌ನ ವೆಬ್‌ಸೈಟಿನಲ್ಲಿ ಆ ಹೆಸರು ಹುಡುಕಿದ. ಸಿಕ್ಕಿತು! ಎಸ್ಲಿಂಗೆನ್ ಹತ್ತಿರದ ಒಂದು ಹಳ್ಳಿಯವರಂತೆ. ಮಗನ ಮನೆಯಿಂದ ಒಂದು ಗಂಟೆ ದಾರಿ. ಹಳ್ಳಿಯ ಹೆಸರು ಇಲ್ಲಿ ಹಾಕುವುದಿಲ್ಲ, ಆ ಕುಟುಂಬದವರು ಇನ್ನೂ ಇರಬಹುದು.

ಅಲ್ಲಿಯ ದೇವಾಲಯದಲ್ಲಿ ಒಂದು ಭಾನುವಾರ ಆರಾಧನೆಗೆ ಕೂರಬೇಕು ಅಂತ ಆಸೆ. ನನ್ನ ಸಂಶಯಗಳು ಇವು. ಗುರುತು ಪರಿಚಯ ಇಲ್ಲದವರು ಹಾಗೆ ಒಳಗೆ ಹೋಗಿ ಕೂತರೆ ಏನಾದರೂ ಅಂದುಕೊಳ್ಳುತ್ತಾರಾ? ನನಗೆ ಜರ್ಮನ್ ಬರುವುದಿಲ್ಲ. ಸೀರೆ ಉಟ್ಟುಕೊಂಡು ಹೋಗಬಹುದಾ, ತಲೆ ಮೇಲೆ ಸೆರಗು ಬೇಕಾ? ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ಇದ್ದರೆ ನಾವು ತೆಗೆದುಕೊಳ್ಳಬಹುದಾ? ನಾವು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯವರು. ದೊರೆಯ ಸಮಾಧಿ ಸಿಗಬಹುದಾ? ಹೂ ಇಡಬೇಕು ಅಂತಿದೆ.

ಕೊನೆಯದು ಕೇಳಿ ನಗಬೇಡಿ. ಹಳೇ ಮನೆ ಕೆಡವಿದಾಗ ಒಂದು ಹಂಚು ಉಳಿಸಿಕೊಂಡಿದ್ದೇನೆ. ಬಾಸೆಲ್ ಮಿಷನ್ ಅಂತ ಅಚ್ಚಿದೆ. ಅದನ್ನು ಅಲ್ಲಿಗೆ ತೆಗೆದುಕೊಂಡು ಹೋಗಿ ಕೊಟ್ಟರೆ ಹುಚ್ಚು ಅನ್ನುತ್ತಾರಾ? ಮಗ ಆಗಲೇ ಅಂದಾಯಿತು.

ಸ್ಟುಟ್‌ಗಾರ್ಟ್ ಕನ್ನಡಿಗ:

ಟೀಚರ್, ನಮಸ್ಕಾರ. ನಾನು ಹಿಂದೂ. ಆದರೆ ಹೆಂಡತಿ ಇಲ್ಲಿಯವಳು, ವ್ಯುರ್ಟೆಂಬರ್ಗ್‌ನ (ಸ್ಟುಟ್‌ಗಾರ್ಟ್ ಸುತ್ತಲಿನ ಪ್ರದೇಶ) ಪ್ರೊಟೆಸ್ಟೆಂಟ್ ಮನೆತನ. 11 ವರ್ಷದಿಂದ ಕ್ರಿಸ್ಮಸ್, ಈಸ್ಟರ್, ಮಾವನ ಮನೆಯ ಮದುವೆ, ಸಾವು ಅಂತ ಇಲ್ಲಿಯ ಚರ್ಚುಗಳಲ್ಲಿ ಕೂತಿದ್ದೇನೆ. ಅಷ್ಟರ ಮಟ್ಟಿಗೆ ಹೇಳುತ್ತೇನೆ.

ಧಾರಾಳವಾಗಿ ಹೋಗಿ. ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. "ಗ್ರ್ಯೂಸ್ ಗಾಟ್" ಅನ್ನಿ, ಈ ಕಡೆಯ ನಮಸ್ಕಾರ ಅದೇ. ಒಂದು ಹಾಡಿನ ಪುಸ್ತಕ ಕೈಗೆ ಕೊಡುತ್ತಾರೆ ಅಥವಾ ಅಲ್ಲೇ ಕಪಾಟಿನಲ್ಲಿರುತ್ತದೆ. ಗೋಡೆಯ ಹಲಗೆಯ ಮೇಲೆ ಅವತ್ತಿನ ಹಾಡುಗಳ ನಂಬರ್ ಹಾಕಿರುತ್ತಾರೆ. ಭಾಷೆ ಬರದಿದ್ದರೂ ನಂಬರ್ ನೋಡಿಕೊಂಡು ಹೋದರೆ ದಾರಿ ತಪ್ಪುವುದಿಲ್ಲ. ಇಲ್ಲಿಯ ಆರಾಧನೆ ತುಂಬ ಸರಳ. ಹಾಡು, ಪ್ರಾರ್ಥನೆ, ಪ್ರಸಂಗ (ಪಾದ್ರಿಯ ಉಪದೇಶ), ಮತ್ತೆ ಹಾಡು. ಹೆಚ್ಚೆಂದರೆ ಒಂದು ಗಂಟೆ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಮುಂದಿನ ಸಾಲಿನಲ್ಲಿ ಮಾತ್ರ ಕೂರಬೇಡಿ. ನಾನು ಮೊದಲ ಸಲ ಗತ್ತಿನಲ್ಲಿ ಮುಂದೆ ಕೂತೆ. ಯಾವಾಗ ಏಳಬೇಕು ಅಂತ ನೋಡಲು ಮುಂದೆ ಯಾರೂ ಇರಲಿಲ್ಲ. ಹಿಂದೆ ತಿರುಗಿ ತಿರುಗಿ ನೋಡಿ ಕುತ್ತಿಗೆ ಹಿಡಿಯಿತು.

ಸೀರೆ ಉಡಿ, ಆದರೆ ಒಳಗೆ ಥರ್ಮಲ್ ಹಾಕಿಕೊಳ್ಳಿ. ಹಳೇ ಕಲ್ಲಿನ ಚರ್ಚು ಅಕ್ಟೋಬರಿನಲ್ಲಿ ಹೊರಗಿಗಿಂತ ಒಳಗೇ ಜಾಸ್ತಿ ತಣ್ಣಗಿರುತ್ತದೆ. ತಲೆ ಮೇಲೆ ಸೆರಗು ಬೇಡ. ಚಪ್ಪಲಿ ಬಿಡುವುದೂ ಇಲ್ಲ.

ಸಮಾಧಿಯ ಆಸೆ ಇಟ್ಟುಕೊಳ್ಳಬೇಡಿ, ಈಗಲೇ ಹೇಳಿಬಿಡುತ್ತೇನೆ. ಇಲ್ಲಿ ಸಮಾಧಿ ಶಾಶ್ವತ ಅಲ್ಲ. ಜಾಗವನ್ನು ಬಾಡಿಗೆಗೆ ಕೊಟ್ಟ ಹಾಗೆ. ಸಾಮಾನ್ಯವಾಗಿ 20–30 ವರ್ಷ. ಆಮೇಲೆ ಮನೆಯವರು ಹಣ ಕಟ್ಟಿ ಮುಂದುವರಿಸದಿದ್ದರೆ ಕಲ್ಲು ಕಿತ್ತು ಆ ಜಾಗ ಬೇರೆಯವರಿಗೆ. ನನ್ನ ಹೆಂಡತಿಯ ಮುತ್ತಜ್ಜಿಯ ಸಮಾಧಿಯೇ ಈಗ ಇಲ್ಲ. ಅವರಿಗೆ ಅದು ದೊಡ್ಡ ವಿಷಯವೂ ಅಲ್ಲ. ನನಗೇ ಒಂದು ತರಾ ಆಯಿತು. ಚರ್ಚಿನ ಗೋಡೆಯಲ್ಲಿ ಫಲಕ ಏನಾದರೂ ಇದ್ದರೆ ಇರಬಹುದು, ಅಷ್ಟೇ.

ಇನ್ನೊಂದು ಮುಖ್ಯ. ಹಳ್ಳಿಗಳಲ್ಲಿ ಒಬ್ಬರೇ ಪಾದ್ರಿ ಎರಡು ಮೂರು ಊರು ನೋಡಿಕೊಳ್ಳುತ್ತಾರೆ. ಪ್ರತಿ ಭಾನುವಾರ ಪ್ರತಿ ಊರಲ್ಲೂ ಆರಾಧನೆ ಇರುತ್ತದೆ ಅಂತಿಲ್ಲ. ಸಭೆಯ (ಆ ಊರಿನ ಚರ್ಚಿನ) ಕಚೇರಿಗೆ ಮೊದಲೇ ಮೇಲ್ ಹಾಕಿ ಕೇಳಿ. ಭಾನುವಾರ ಹಳ್ಳಿ ಬಸ್ಸುಗಳೂ ಅಪರೂಪ. ಅಂಗಡಿ ಎಲ್ಲ ಬಂದ್.

ನೇರ ಮಾತು:

ಬೇಜಾರು ಮಾಡಿಕೊಳ್ಳಬೇಡಿ ಟೀಚರ್, ಒಂದು ಪ್ರಶ್ನೆ. ಆ ದೊರೆ ನಿಮ್ಮ ಅಜ್ಜನೂ ಅಲ್ಲ, ನೆಂಟನೂ ಅಲ್ಲ. ಕೆಲಸಕ್ಕೆ ಅಂತ ಬಂದವರು, ಹೋದರು. ಅವರ ಊರು ನಿಮಗೆ ಬೇರು ಹೇಗಾಗುತ್ತದೆ? ನಿಮ್ಮ ಬೇರು ಇರುವುದು ನಿಮ್ಮ ಹಿರಿಯರು ಯಾವ ಮನೆ ಬಿಟ್ಟು ಬಂದರೋ ಅಲ್ಲಿ. ನಿಮ್ಮ ಬರಿ (ಕುಲದ ಬಳಿ) ಯಾವುದು, ಮೂಲ ಮನೆ ಯಾವುದು, ಯಾವ ಗರೋಡಿಗೆ (ಕೋಟಿ-ಚೆನ್ನಯರ ಗುಡಿ) ಸೇರಿದವರು? ಅದನ್ನು ಹುಡುಕಲು ವಿಮಾನ ಬೇಡ, ಬಸ್ ಸಾಕು. ಹಂಚಿನ ಅಚ್ಚು ಜರ್ಮನಿಯದ್ದಾದರೂ ಮಣ್ಣು ನಮ್ಮದೇ ಅಲ್ವಾ?

ಬೆಟಗೇರಿಯವ:

ನೇರ ಮಾತು ಅವರೇ, ನಿಮ್ಮ ಪ್ರಶ್ನೆ ಸರಿಯಾಗಿದೆ. ನಾನೂ ಇದನ್ನೇ ಕೇಳಿಕೊಂಡವನು. ಆದರೆ ಉತ್ತರ ನೀವು ತಿಳಿದಷ್ಟು ಸುಲಭ ಇಲ್ಲ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಅಕ್ಕ, ನಾನು ಗದಗ-ಬೆಟಗೇರಿಯವನು. ಮುತ್ತಜ್ಜ ನೇಕಾರ. ಬಾಸೆಲ್ ಮಿಷನ್ನಿನವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಮೂರೇ ಜನ. ಆಮೇಲೆ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಮ್ಮ ಬೆಟಗೇರಿ. ನಮ್ಮ ಮನೆಯವರು ಎಷ್ಟರಲ್ಲಿ ಸೇರಿದರು ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದನ್ನು ಹುಡುಕಲು 2018ರಲ್ಲಿ ಬಾಸೆಲ್‌ಗೆ ಹೋದೆ. ಎರಡು ವರ್ಷ ದುಡ್ಡು ಕೂಡಿಸಿದ್ದೆ.

ಸ್ಪಾಲೆನ್‌ಟೋರ್ ಅಂತ ಹಳೇ ಕೋಟೆ ಬಾಗಿಲು ಇದೆ. ಅಲ್ಲಿಂದ ನಡೆದೇ ಹೋಗಬಹುದು, ಮಿಷನ್‌ಸ್ಟ್ರಾಸೆ 21. ದೊಡ್ಡ ಕಟ್ಟಡ, 1860ರದ್ದು. ಕನ್ನಡ ನಿಘಂಟಿನ ಕಿಟೆಲ್ ಮತ್ತು ಮಂಗಳೂರ ಸಮಾಚಾರ ಪತ್ರಿಕೆಯ ಮೋಗ್ಲಿಂಗ್ ಇಬ್ಬರೂ ತರಬೇತಿ ಪಡೆದದ್ದು ಬಾಸೆಲ್‌ನಲ್ಲೇ, ಆದರೆ ಈ ಮನೆ ಕಟ್ಟುವ ಮೊದಲು. ನಾನು ಬಾಗಿಲಲ್ಲಿ ನಿಂತು "ಕಿಟೆಲ್ ನಡೆದ ಮೆಟ್ಟಿಲು" ಅಂತ ಫೋಟೊ ತೆಗೆದು ಎಲ್ಲರಿಗೂ ಕಳಿಸಿದೆ. ಆಮೇಲೆ ಲೆಕ್ಕ ಹಾಕಿದರೆ ಕಿಟೆಲ್ 1853ಕ್ಕೇ ಭಾರತಕ್ಕೆ ಹೊರಟುಹೋಗಿದ್ದರು. ಯಾರಿಗೂ ಹೇಳಲಿಲ್ಲ, ಇವತ್ತೇ ಹೇಳುತ್ತಿರುವುದು.

ಆರ್ಕೈವ್ಸ್‌ನಲ್ಲಿ ನಾಲ್ಕು ದಿನ ಕೂತೆ. ಮಿಷನರಿಗಳು ಊರಿಂದ ಬರೆದ ವರದಿಗಳೆಲ್ಲ ಜರ್ಮನ್ ಭಾಷೆ. ಅದೂ ಕುರೆಂಟ್ ಅಂತ ಹಳೇ ಕೈಬರಹ. ಈಗಿನ ಜರ್ಮನರಲ್ಲೇ ಹೆಚ್ಚಿನವರು ಓದಲಾರರು. ಎಲ್ಲಾ ಅಕ್ಷರವೂ ಬೇಲಿ ಕಡ್ಡಿ ನೆಟ್ಟ ಹಾಗೆ ಕಾಣುತ್ತವೆ. ಅಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಎರಡು ಹಾಳೆ ಓದಿ ಹೇಳಿದಳು. ಒಂದು ಸಾಲು ಇನ್ನೂ ನೆನಪಿದೆ. "ಒಬ್ಬ ನೇಕಾರ, ಅವನ ಹೆಂಡತಿ, ಎರಡು ಮಕ್ಕಳು ಸೇರಿದರು." ಹೆಸರಿಲ್ಲ. ಅದು ನನ್ನ ಮುತ್ತಜ್ಜನೋ ಬೇರೆ ನೇಕಾರನೋ ದೇವರೇ ಬಲ್ಲ. ಫೋಟೊಗಳದ್ದೂ ಅದೇ ಕತೆ. ಸಾವಿರಗಟ್ಟಲೆ ಫೋಟೊ ಇಂಟರ್ನೆಟ್ಟಿನಲ್ಲೇ ಪುಕ್ಕಟೆ ನೋಡಬಹುದು. ನಾನು ನೋಡಿದವುಗಳಲ್ಲಿ ದೊರೆ, ದೊರೆಸಾನಿಗೆ ಹೆಸರಿದೆ. ಪಕ್ಕದಲ್ಲಿ ಕೈಕಟ್ಟಿ ನಿಂತ ನಮ್ಮವರು ಬಹುತೇಕ "ಕ್ರೈಸ್ತ ಕುಟುಂಬ", "ನೇಕಾರರು", "ಶಾಲೆಯ ಹುಡುಗಿಯರು". ಸಿಟ್ಟು ಬಂತು. ನಾಲ್ಕು ದಿನದ ಹೋಟೆಲ್ ಬಿಲ್ ನೆನೆಸಿಕೊಂಡು ಇನ್ನೂ ಸಿಟ್ಟು ಬಂತು. ಸ್ವಿಸ್ ಫ್ರಾಂಕ್ ಅಂದರೆ ಹುಡುಗಾಟ ಅಲ್ಲ.

ಮುತ್ತಜ್ಜನ ಹೆಸರು ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ನಮ್ಮೂರ ದೇವಾಲಯದ ಕಬ್ಬಿಣದ ಪೆಟ್ಟಿಗೆಯಲ್ಲಿ, ದೀಕ್ಷಾಸ್ನಾನದ (ಬ್ಯಾಪ್ಟಿಸಂ) ರಿಜಿಸ್ಟರಿನಲ್ಲಿ. ಹಳೇ ಹೆಸರು, ಹೊಸ ಹೆಸರು, ತಂದೆಯ ಹೆಸರು, ಯಾವ ಊರು, ಎಲ್ಲಾ ಒಂದೇ ಸಾಲಿನಲ್ಲಿ. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಹಾಗಾಗಿ ಅಕ್ಕ, ಹೊರಡುವ ಮೊದಲು ನಿಮ್ಮ ಉಡುಪಿ ಸಭೆಯ ರಿಜಿಸ್ಟರ್ ತೆಗೆಸಿ ನೋಡಿ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಆರ್ಕೈವ್ಸ್ ಇದೆ, ಅಲ್ಲೂ ಕೇಳಿ. ಈ ವಿಷಯದಲ್ಲಿ ನೇರ ಮಾತು ಅವರು ಹೇಳಿದ್ದು ನೂರಕ್ಕೆ ನೂರು. ನಮ್ಮವರನ್ನು ಹುಡುಕುವುದು ನಮ್ಮಲ್ಲೇ.

ಮತ್ತೆ ಅಲ್ಲಿಗೆ ಯಾಕೆ ಹೋಗಬೇಕು? ಹೇಳುತ್ತೇನೆ.

ಬಾಸೆಲ್‌ನಲ್ಲಿ ಕೆಲಸ ಮುಗಿದು ಎರಡು ದಿನ ಮಿಕ್ಕಿತ್ತು. ಬೆಟಗೇರಿಗೆ ಬಂದವರಲ್ಲಿ ಒಬ್ಬ ಮಿಷನರಿಯ ಹಳ್ಳಿ ಸ್ಟುಟ್‌ಗಾರ್ಟ್ ಆಚೆ ಇತ್ತು. ಹೆಸರು ಬಾಸೆಲ್ ಆದರೂ ಬಂದವರಲ್ಲಿ ಜಾಸ್ತಿ ಜನ ವ್ಯುರ್ಟೆಂಬರ್ಗ್‌ನ ರೈತರ, ಕಸುಬುದಾರರ ಮಕ್ಕಳು. ಅದನ್ನು ನಮ್ಮಲ್ಲಿ ಎಷ್ಟೋ ಜನ ಮರೆಯುತ್ತಾರೆ. "ದೊರೆ" ಅಂದ ಕೂಡಲೇ ಯಾವುದೋ ಅರಮನೆಯಿಂದ ಬಂದವರು ಅಂದುಕೊಳ್ಳುತ್ತೇವೆ. ಹೋಗಿ ನೋಡಿದರೆ ಸಗಣಿ ವಾಸನೆ ಹೊಡೆಯುವ ಹಳ್ಳಿ, ಮನೆ ಪಕ್ಕ ಟ್ರ್ಯಾಕ್ಟರ್. ನನಗೆ ಅಲ್ಲೇ ಅರ್ಧ ಸಿಟ್ಟು ಇಳಿಯಿತು.

ಭಾನುವಾರ ಒಂಬತ್ತೂವರೆಗೆ ಆರಾಧನೆ. ಒಟ್ಟು ಹತ್ತೊಂಬತ್ತು ಜನ, ಎಣಿಸಿದೆ. ಮುಕ್ಕಾಲು ಪಾಲು ಎಪ್ಪತ್ತು ದಾಟಿದವರು. ಒಂದು ಮಾತೂ ಅರ್ಥವಾಗಲಿಲ್ಲ. ಎರಡನೇ ಹಾಡಿಗೆ ಆರ್ಗನ್ ಶುರುವಾಯಿತು. ನಾಲ್ಕು ಸ್ವರ ಕೇಳುತ್ತಲೇ ನನ್ನ ಬಾಯಿ ತಾನೇ ತೆರೆಯಿತು. ಅದು ನಮ್ಮ ಅಮ್ಮ ಅಕ್ಕಿ ಆರಿಸುವಾಗ ಹಾಡುತ್ತಿದ್ದ ಸಂಗೀತ, ಅಂದರೆ ನಮ್ಮ ಭಕ್ತಿಗೀತೆ. ನಮ್ಮ ಹಳೇ ಸಂಗೀತಗಳಲ್ಲಿ ಎಷ್ಟೋ ಜರ್ಮನ್ ರಾಗದ ಮೇಲೆ ಕನ್ನಡ ಮಾತು ಕೂರಿಸಿದವು ಅಂತ ಗೊತ್ತಿತ್ತು. ಗೊತ್ತಿರುವುದು ಬೇರೆ. ನಾನು ಕನ್ನಡದಲ್ಲೇ ಹಾಡಿದೆ, ಪೂರ್ತಿ. ಅವರು ನಮಗಿಂತ ಬೇಗ ಬೇಗ ಹಾಡುತ್ತಾರೆ. ನಾನು ಪ್ರತಿ ಸಾಲಿಗೂ ಅರ್ಧ ಮಾತು ಹಿಂದೆ ಬಿದ್ದೆ. ಪಕ್ಕದ ಅಜ್ಜ ಓರೆಗಣ್ಣಲ್ಲಿ ನೋಡಿದ. ನೋಡಲಿ.

ಆಮೇಲೆ ಕರ್ತನ ಪ್ರಾರ್ಥನೆ. ಆಗ ಹೊರಗೆ ಗೋಪುರದಲ್ಲಿ ಗಂಟೆ ಹೊಡೆಯಲು ಶುರು ಮಾಡಿದರು. ನಾನು ಏನೋ ಅಪಾಯ ಅಂದುಕೊಂಡೆ. ಅದು ಅಲ್ಲಿಯ ರೂಢಿಯಂತೆ. ಮನೆಯಲ್ಲಿ ಉಳಿದ ಮುದುಕರು, ಹುಷಾರಿಲ್ಲದವರು, ಅಡುಗೆ ಮಾಡುತ್ತಿರುವವರು ಗಂಟೆ ಕೇಳಿ ತಾವಿದ್ದಲ್ಲೇ ಅದೇ ಪ್ರಾರ್ಥನೆ ಹೇಳಲಿ ಅಂತ. ನಾನು ಕನ್ನಡದಲ್ಲಿ ಹೇಳಿದೆ. ನಾನು ಮುಗಿಸುವುದಕ್ಕೂ ಗಂಟೆ ನಿಲ್ಲುವುದಕ್ಕೂ ಸರಿಹೋಯಿತು.

ಬೇರು ಅನ್ನುವ ಮಾತು ಬೇಕಾದರೆ ಬಿಟ್ಟುಬಿಡೋಣ. ನನ್ನ ಅಮ್ಮನ ಗಂಟಲಲ್ಲಿದ್ದದ್ದು ಅಲ್ಲಿಂದ ಬಂದದ್ದು. ಅದನ್ನು ಇಲ್ಲ ಅನ್ನಲು ನನಗೆ ಬರುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು. ಕರ್ತನ ಭೋಜನ ಪ್ರತಿ ವಾರ ಇರುವುದಿಲ್ಲ. ಇದ್ದರೆ ಸಿಎಸ್‌ಐನವರು ತೆಗೆದುಕೊಳ್ಳಲು ಅಡ್ಡಿ ಇಲ್ಲ, ಕರೆಯುವುದೇ ಎಲ್ಲರನ್ನೂ. ವೇದಿಯ ಸುತ್ತ ಅರ್ಧ ವೃತ್ತವಾಗಿ ನಿಲ್ಲುತ್ತಾರೆ. ತೆಗೆದುಕೊಂಡ ಕೂಡಲೇ ನಮ್ಮ ಹಾಗೆ ತಿರುಗಿ ಬಂದುಬಿಡಬೇಡಿ. ಎಲ್ಲರಿಗೂ ಕೊಟ್ಟಾದ ಮೇಲೆ ಆಶೀರ್ವಾದ ಹೇಳಿ ಒಟ್ಟಿಗೆ ಕಳಿಸುತ್ತಾರೆ. ನಾನು ಅರ್ಧದಲ್ಲೇ ಹೊರಟೆ, ಪಾದ್ರಿ ಕೈ ಸನ್ನೆ ಮಾಡಿ ನಿಲ್ಲಿಸಿದರು. ಕಾಣಿಕೆ ತಟ್ಟೆ ಬರಲಿಲ್ಲ ಅಂತ ಗಾಬರಿ ಬೇಡ, ಡಬ್ಬಿ ಹೊರಗೆ ಹೋಗುವ ಬಾಗಿಲಲ್ಲಿರುತ್ತದೆ.

ಪಾದ್ರಿಗೆ ಮೊದಲೇ ಮೇಲ್ ಹಾಕುವಾಗ ಒಂದು ಮಾತು ಸೇರಿಸಿ. ಅಲ್ಲಿಯ ಸಭೆಗಳಲ್ಲಿ 1808ರ ಆಸುಪಾಸಿನಿಂದ ಫ್ಯಾಮಿಲಿಯನ್‌ರೆಗಿಸ್ಟರ್ ಅಂತ ಇಟ್ಟಿದ್ದಾರೆ. ಒಂದು ಕುಟುಂಬಕ್ಕೆ ಒಂದು ಪುಟ. ಗಂಡ, ಹೆಂಡತಿ, ಮಕ್ಕಳು, ಯಾರು ಎಲ್ಲಿಗೆ ಹೋದರು, ಎಲ್ಲ. ಎಷ್ಟೋ ಪುಟಗಳು ಆರ್ಕಿಯಾನ್ ಅನ್ನುವ ತಾಣದಲ್ಲಿ ಹಣ ಕಟ್ಟಿದರೆ ನೋಡಲು ಸಿಗುತ್ತವೆ. ನಿಮ್ಮ ದೊರೆಯ ಪುಟ ಅಲ್ಲಿ ಇರಬಹುದು. ಆದರೆ ಆರಾಧನೆಯ ದಿನವೇ ರಿಜಿಸ್ಟರ್ ಕೇಳಬೇಡಿ. ಭಾನುವಾರ ಕೂರಲು ಹೋಗಿ, ಹುಡುಕಾಟ ಸೋಮವಾರಕ್ಕೆ ಇರಲಿ. ಪ್ರಸಂಗದ ಮಧ್ಯೆ ಎದ್ದು ಗೋಡೆ ಫಲಕದ ಫೋಟೊ ತೆಗೆಯುವ ಜನರನ್ನು ಬಾಸೆಲ್‌ನ ಕ್ಯಾಥೆಡ್ರಲ್‌ನಲ್ಲಿ ನೋಡಿದ್ದೇನೆ. ನನಗೇ ನಾಚಿಕೆ ಆಯಿತು.

ಹಂಚು ತೆಗೆದುಕೊಂಡು ಹೋಗಿ. ಮಗ ಹುಡುಗ, ಅವನಿಗೇನು ಗೊತ್ತು. ಒಂದು ಹಂಚು ಎರಡು ಎರಡೂವರೆ ಕಿಲೊ ಇರುತ್ತದೆ, ಚೆಕ್‌ಇನ್ ಬ್ಯಾಗಿನಲ್ಲಿ ಸೀರೆ ಸುತ್ತಿ ಇಡಿ.

ಸ್ಟುಟ್‌ಗಾರ್ಟ್ ಕನ್ನಡಿಗ:

ಬೆಟಗೇರಿಯವರೇ, ಆ ಗಂಟೆಯ ವಿಷಯ 11 ವರ್ಷದಿಂದ ಕೇಳುತ್ತಿದ್ದೇನೆ, ಕಾರಣ ಗೊತ್ತಿರಲಿಲ್ಲ. ಈಗ ಹೆಂಡತಿಯನ್ನು ಕೇಳಿದೆ. "ನಿನಗೆ ಇದೂ ಗೊತ್ತಿಲ್ವಾ" ಅಂದಳು.

ಟೀಚರ್, ನೀವು ಬರುವಾಗ ಅಕ್ಟೋಬರಿನ ಮೊದಲ ಭಾನುವಾರ ಸಿಗುತ್ತದೆ. ಸಾಮಾನ್ಯವಾಗಿ ಅವತ್ತು ಎರ್ನ್‌ಟೆಡಾಂಕ್, ಸುಗ್ಗಿಯ ಹಬ್ಬ. ಕುಂಬಳಕಾಯಿ, ಸೇಬು, ಕೋಸು, ಬ್ರೆಡ್ಡು ಎಲ್ಲ ತಂದು ವೇದಿಯ ಮುಂದೆ ಜೋಡಿಸುತ್ತಾರೆ. ಆ ದಿನವೇ ಹೋಗಿ, ಜನ ಜಾಸ್ತಿ ಇರುತ್ತಾರೆ.

ನೇರ ಮಾತು:

ಬೆಟಗೇರಿಯವರ ಹಾಡಿನ ಮಾತು ಒಪ್ಪಿದೆ. ಹಂಚಿನ ಮಣ್ಣಿನ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ಇರಲಿ. ಟೀಚರ್, ರಿಜಿಸ್ಟರ್ ನೋಡಿದರೆ ಏನು ಸಿಕ್ಕಿತು ಅಂತ ಬರೆಯಿರಿ.

ಉಡುಪಿ ಟೀಚರ್:

ಹೋಗಿ ಬಂದೆ. ಬರೆಯಲು ತಡವಾಯಿತು, ಕ್ಷಮಿಸಿ. ಬಂದ ಮೇಲೆ ಮಂಡಿ ನೋವು.

ಮೊದಲು ನೇರ ಮಾತು ಅವರಿಗೆ. ಹೊರಡುವ ಮೊದಲು ಊರಿಗೆ ಹೋಗಿ ರಿಜಿಸ್ಟರ್ ತೆಗೆಸಿದೆ. ಅಜ್ಜನ ಅಜ್ಜನ ಹೆಸರು ಸಿಕ್ಕಿತು. ದೀಕ್ಷಾಸ್ನಾನದ ಹಿಂದಿನ ಹೆಸರು, ಹಳ್ಳಿಯ ಹೆಸರು ಎರಡೂ ಇದ್ದವು. ಆ ಹಳ್ಳಿಗೂ ಹೋದೆ, ನೀವು ಹೇಳಿದಂತೆ ಬಸ್ಸಿನಲ್ಲೇ. ಮನೆ ಯಾವುದೆಂದು ಹೇಳುವವರು ಯಾರೂ ಸಿಗಲಿಲ್ಲ. ಒಬ್ಬರು ಹಿರಿಯರು ಎಳನೀರು ಕೊಟ್ಟು, "ಬಿಟ್ಟು ಹೋದವರ ಮನೆ ಬಗ್ಗೆ ನಮ್ಮಲ್ಲಿ ಮಾತಾಡುತ್ತಿರಲಿಲ್ಲ" ಅಂದರು. ಅಷ್ಟೇ. ಬರಿ ಯಾವುದೆಂದು ಈಗಲೂ ಗೊತ್ತಿಲ್ಲ.

ಈಗ ಜರ್ಮನಿ. ಮಗ ಪಾದ್ರಿಗೆ ಮೇಲ್ ಹಾಕಿದ್ದ. ಪಾದ್ರಿ ಹೆಂಗಸು, ನಲವತ್ತು ದಾಟಿರಲಿಕ್ಕಿಲ್ಲ. ಎರ್ನ್‌ಟೆಡಾಂಕ್‌ಗೇ ಬನ್ನಿ ಅಂದರು. ಹಂಚಿನ ಬ್ಯಾಗನ್ನು ಏರ್‌ಪೋರ್ಟಿನಲ್ಲಿ ಬಿಚ್ಚಿಸಿದರು. ಆ ಹುಡುಗ ಹಂಚನ್ನು ತಿರುಗಿಸಿ ನೋಡಿ, "ಮ್ಯಾಡಂ, ಇದು ನಿಜವಾಗಿ ಹಂಚೇನಾ?" ಅಂದ. ಹೌದಪ್ಪ, ಮಾಡಿನ ಹಂಚೇ ಅಂದೆ. ಪಕ್ಕದವನನ್ನೂ ಕರೆದು ತೋರಿಸಿದ.

ದೇವಾಲಯದ ಮುಂದೆ ಆ ದಿನ ನಮ್ಮ ಬೆಳೆ ಹಬ್ಬದ ಹಾಗೇ ರಾಶಿ ರಾಶಿ. ಕುಂಬಳಕಾಯಿ ಎಷ್ಟು ಬಗೆ! ಏಲಂ ಮಾತ್ರ ಇಲ್ಲ. ನಮ್ಮಲ್ಲಿ ಒಂದು ಹಲಸಿನಹಣ್ಣನ್ನು ಕೂಗಿ ಕೂಗಿ ಏರಿಸಿ, ಕೊನೆಗೆ ಕೊಂಡವರೇ ಮತ್ತೆ ಸಭೆಗೆ ಕೊಡುವ ಗದ್ದಲ ಇದೆಯಲ್ಲ, ಅದಿಲ್ಲ. ಎಲ್ಲವನ್ನೂ ಬಡವರಿಗೆ ಆಹಾರ ಕೊಡುವ ಕಡೆ ಕಳಿಸುತ್ತಾರಂತೆ. ಒಳ್ಳೆಯದೇ, ಆದರೆ ಸ್ವಲ್ಪ ಸಪ್ಪೆ.

ನಾನು ಹಂಚನ್ನು ಆಮೇಲೆ ಮೆಲ್ಲಗೆ ಕೊಡೋಣ ಅಂತ ಬ್ಯಾಗಿನಲ್ಲಿಟ್ಟು ಹಿಂದಿನಿಂದ ಮೂರನೇ ಬೆಂಚಿನಲ್ಲಿ ಕೂತಿದ್ದೆ. ಪಾದ್ರಿಯಮ್ಮ ಶುರುವಿಗೆ ಮುಂಚೆಯೇ ಬಂದು ಕೇಳಿ ತೆಗೆದುಕೊಂಡರು. ತೆಗೆದುಕೊಂಡು ಹೋಗಿ ಎಲ್ಲಿಟ್ಟರು ಅಂತೀರಿ? ವೇದಿಯ ಮುಂದೆ, ಒಂದು ದೊಡ್ಡ ಕುಂಬಳಕಾಯಿಗೆ ಒರಗಿಸಿ. ಅಜ್ಜನ ಕಾರ್ಖಾನೆಯ ಹಂಚು, ಅಚ್ಚು ಎದುರಿಗೆ ಕಾಣುವ ಹಾಗೆ. ಸುಗ್ಗಿ ಅಂದರೆ ನೆಲದಿಂದ ಬಂದದ್ದು, ಇದೂ ಮಣ್ಣೇ ಅಂತ ಪ್ರಸಂಗದಲ್ಲಿ ಹೇಳಿದರಂತೆ. ಮಗ ಕಿವಿಯಲ್ಲಿ ಹೇಳಿದ. ನೇರ ಮಾತು ಅವರೇ, ನಿಮ್ಮ ಮಾತಿಗೆ ಉತ್ತರ ಅಲ್ಲಿ ಸಿಕ್ಕಿತು ನೋಡಿ.

ಹಾಡುಗಳಲ್ಲಿ ಮೂರಕ್ಕೆ ಮೂರೂ ನನಗೆ ಗೊತ್ತಿಲ್ಲದ ರಾಗ. ಬೆಟಗೇರಿಯವರ ಭಾಗ್ಯ ನನಗಿಲ್ಲ. ಆದರೆ ಗಂಟೆ ಹೊಡೆಯಿತು. ನಾನು ಕನ್ನಡದಲ್ಲಿ ಹೇಳಿದೆ, ಮಗ ಇಂಗ್ಲಿಷಿನಲ್ಲಿ. ಅವನಿಗೆ ಕನ್ನಡದಲ್ಲಿ ಪೂರ್ತಿ ಬರುವುದಿಲ್ಲ ಅಂತ ನನಗೆ ಗೊತ್ತಾದದ್ದು ಅವತ್ತೇ.

ಮುಗಿದ ಮೇಲೆ ಕಾಫಿ ಕೊಟ್ಟರು. ಊರುಗೋಲು ಹಿಡಿದ ಅಜ್ಜಿಯೊಬ್ಬರು ಬಂದು ಹಂಚಿನ ಮೇಲೆ ಕೈಯಾಡಿಸುತ್ತಾ ಮಗನ ಹತ್ತಿರ ಮಾತಾಡಿದರು. ಅವರ ಅಜ್ಜಿ ಮಿಷನ್ನಿಗೆ ಕಾಸು ಎತ್ತುತ್ತಿದ್ದವರಂತೆ. ಮನೆ ಮನೆಗೆ ಹೋಗಿ ವಾರಕ್ಕೊಂದು ಚಿಲ್ಲರೆ ಕಾಸು. ಇದನ್ನು ಆಮೇಲೆ ಮಗ ಓದಿ ಹೇಳಿದ. 1855ರಲ್ಲಿ ಬಾಸೆಲ್‌ನಲ್ಲಿ ಶುರುವಾದದ್ದು, ಅರ್ಧ ಬಾಟ್ಸೆನ್ ಕಾಣಿಕೆ ಅಂತ ಹೆಸರು, ವಾರಕ್ಕೆ ಒಬ್ಬರಿಂದ ಐದು ರಾಪ್ಪೆನ್ (ಸ್ವಿಸ್ ಚಿಲ್ಲರೆ ಕಾಸು). ಶ್ರೀಮಂತರು ಕೊಟ್ಟ ದುಡ್ಡಲ್ಲಿ ಶಾಲೆ ನಡೆಯುತ್ತಿತ್ತು ಅಂತ ನಾನು ತಿಳಿದಿದ್ದೆ. ಅಜ್ಜ ಅಕ್ಷರ ಕಲಿತದ್ದು ಹೀಗೆ ಹಾಲು ಮೊಟ್ಟೆ ಮಾರಿದವರ ಚಿಲ್ಲರೆಯಲ್ಲಿ.

ಅಜ್ಜಿ ಒಂದು ಪ್ರಶ್ನೆ ಕೇಳಿದರು. "ಮನೆಯಲ್ಲಿ ಮಿಷನ್ ಪತ್ರಿಕೆ ಬರುತ್ತಿತ್ತು, ಅದರಲ್ಲಿ ಇಂಡಿಯಾದ ಚಿತ್ರಗಳಿರುತ್ತಿದ್ದವು, ಆ ಜನರ ಹೆಸರು ಏನು ಅಂತ ನನ್ನ ಅಜ್ಜಿಯನ್ನು ಕೇಳಿದರೆ ಗೊತ್ತಿಲ್ಲ ಅನ್ನುತ್ತಿದ್ದಳು, ನಿಮ್ಮ ಅಜ್ಜನ ಹೆಸರು ಏನು?" ಅಂತ. ಹೇಳಿದೆ. ಅವರಿಗೆ ತಿರುಗಿ ಹೇಳಲು ಬರಲಿಲ್ಲ. ಒಂದು ಚೀಟಿಯಲ್ಲಿ ಬರೆಸಿಕೊಂಡು ಪರ್ಸಿನಲ್ಲಿಟ್ಟುಕೊಂಡರು. ಕನ್ನಡದಲ್ಲೂ ಬರೆಯಿರಿ ಅಂದರು. ಬರೆದೆ. ಬೋರ್ಡಿನ ಮೇಲೆ ಬರೆದ ಹಾಗೆ ದುಂಡಗೆ.

ದೊರೆಯ ಸಮಾಧಿ ಇಲ್ಲ, ನೀವು ಹೇಳಿದಂತೆಯೇ. ತಂದಿದ್ದ ಹೂವನ್ನು ಎಲ್ಲಿಡುವುದು ಗೊತ್ತಾಗದೆ ಹಂಚಿನ ಪಕ್ಕದಲ್ಲೇ ಇಟ್ಟೆ. ರಿಜಿಸ್ಟರ್ ನೋಡಲು ಇನ್ನೊಂದು ದಿನ ಬನ್ನಿ ಅಂದಿದ್ದರು, ಮಗನಿಗೆ ರಜೆ ಸಿಗಲಿಲ್ಲ. ಬಾಸೆಲ್‌ಗೂ ಹೋಗಲಿಲ್ಲ. ಮುಂದಿನ ಸಲ.

ಬಸ್ಸಿನ ವಿಷಯ ಮಾತ್ರ ಸ್ಟುಟ್‌ಗಾರ್ಟ್‌ನವರು ಹೇಳಿದ್ದು ಅಕ್ಷರಶಃ ನಿಜ. ಚಳಿಯಲ್ಲಿ ಎರಡು ಗಂಟೆ ಕಾದೆವು. ಥರ್ಮಲ್ ಹಾಕಿಕೊಂಡಿದ್ದೆ, ಬದುಕಿದೆ.